ಗಾರ್ಲೆಂಡ್ ಟೀಗನ ಬಲ ಮೊಣಕೈ

ಕೆಟಲ್ ಬೆಂಡ್
ಜೂನ್ 11, 1984

ಅಣ್ಣಂದಿರಲ್ಲಿ ಶ್ರೇಷ್ಠರೂ, ಸೋಲ್ಬರ್ಗ್ ತಂಡದ ಮೂರನೇ ಬೇಸಿನ ಕೋಚ್ ಪದವಿಯನ್ನು ಅಲಂಕರಿಸಿದವರೂ ಆದ ವೆಂಡೆಲ್ ಪ್ರಿಬಿಲ್ ಅವರ ಸಮ್ಮುಖಕ್ಕೆ, ತಮ್ಮ ಡೆಲ್ಬರ್ಟ್ ಮಾಡುವ ವಿಜ್ಞಾಪನೆಗಳು.

ಇತ್ತ ಅಮ್ಮ, ನಾನು, ಬೆಕ್ಕು ಕ್ಷೇಮ. ಅತ್ತ ತಾವೂ, ಆರ್ಡಿಸ್ ಅತ್ತಿಗೆಯೂ, ಹುಟ್ಟಲಿರುವ ಮಗುವೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ. ತಾವು ಪತ್ರ ಬರೆದು ಎರಡು ತಿಂಗಳಾಯಿತು.

ಈಗ ದುಃಖದ ಸಮಾಚಾರ. ತಮ್ಮ ಕೋಣೆ ಪರರ ಪಾಲಾಗಿದೆ. ಪ್ರತಿ ಬೇಸಗೆಯಂತೆ ಈ ಸಲವೂ ನಮ್ಮ ಟ್ಯಾನರ್ಸ್ ಬೇಸ್‌ಬಾಲ್ ತಂಡದವರು ಆಟಗಾರರನ್ನು ಊರಿನ ಮನೆಮನೆಗೆ ಹಂಚಿದರು. ಬೇರೆಯವರಿಗೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗರು ಸಿಕ್ಕರು. ನಮ್ಮ ಪಾಲಿಗೆ ಬಂದದ್ದು ಗಾರ್ಲೆಂಡ್ ಟೀಗ್. ವಯಸ್ಸು ಮೂವತ್ತಾರು, ಊರು ಒಕ್ಲಹೋಮದ ಯಾವುದೋ ಮೂಲೆ, ಉದ್ಯೋಗ ನಮ್ಮ ತಂಡದ ಕ್ಲೋಸರ್. ಎಂಟು ಇನ್ನಿಂಗ್ಸ್ ಬೇರೆಯವರು ಬೆವರು ಸುರಿಸಿ ಗೆಲುವನ್ನು ಬಾಗಿಲವರೆಗೆ ತಂದಿಡಬೇಕು. ಒಂಬತ್ತನೆಯದಕ್ಕೆ ಈತ ಮದುವಣಿಗನಂತೆ ನಡೆದು ಬಂದು ಬೀಗ ಹಾಕಿ ಹೋಗುತ್ತಾನೆ. ಹನ್ನೊಂದು ಸಲ ಕರೆದಿದ್ದಾರೆ, ಹನ್ನೊಂದು ಸಲವೂ ಹಾಕಿದ್ದಾನೆ. ಊರಿಗೆ ಊರೇ ಅವನ ಪಾದಕ್ಕೆ ಬಿದ್ದಿದೆ. ಅಮ್ಮ ಕೊಲಾಚಿ ಬನ್ನು ಸುಟ್ಟರೆ ಏಪ್ರಿಕಾಟ್ ಹಾಕಿದ್ದು ಅವನ ತಟ್ಟೆಗೆ, ತಳ ಸೀದದ್ದು ನನ್ನ ತಟ್ಟೆಗೆ.

ಮೊನ್ನೆ ಅವನ ಸಕ್ಕರೆ ಡಬ್ಬಿಗೆ ಕೇವಲ ವೈಜ್ಞಾನಿಕ ಕುತೂಹಲದಿಂದ ಉಪ್ಪು ತುಂಬಿದೆ. ಮಹಾಶಯ ಉಪ್ಪಿನ ಕಾಫಿಯನ್ನು ಕಣ್ಣು ಮಿಟುಕಿಸದೆ ಪೂರ್ತಿ ಕುಡಿದು, "ಅಮ್ಮಾ, ಕಾಫಿ ಬಹಳ ಚೆನ್ನಾಗಿದೆ, ಡೆಲ್‌ಗೂ ಇದೇ ಡಬ್ಬಿಯಿಂದ್ಲೇ ಹಾಕಿಕೊಡಿ," ಅಂದ. ಅಮ್ಮ ಎದುರಿಗೆ ನಿಂತು ಕುಡಿಸಿದಳು.

ಸೇಡು ತೀರಿಸಿಕೊಳ್ಳಲು ನನ್ನಲ್ಲಿ ಈ ಲೇಖನಿಯೊಂದೇ ಇದೆ. ನಾನು ಈ ವರ್ಷವೂ ಮೈದಾನದ ಆ ತುದಿಯ ಸ್ಕೋರ್‌ಬೋರ್ಡಿನ ಹೊಟ್ಟೆಯೊಳಗೆ ಕೂತು ಅಂಕಿ ನೇತುಹಾಕುವ ಘನಕಾರ್ಯದಲ್ಲಿದ್ದೇನೆ. ಅಂಕಿ ಹಾಕದ ತೂತಿಗೆ ದುರ್ಬೀನು ಹಚ್ಚಿದರೆ ಎಸೆತಗಾರನ ಬೆನ್ನು ಅಂಗೈಯಲ್ಲಿದ್ದಂತೆ ಕಾಣುತ್ತದೆ. ಊರು ಪೂಜಿಸುವ ಈ ದೇವರು ಚೆಂಡನ್ನು ಕೈಗವಸಿನಲ್ಲಿ ಬಚ್ಚಿಟ್ಟುಕೊಂಡು ಹಿಡಿತ ಹುಡುಕುವಾಗ ಒಮ್ಮೊಮ್ಮೆ ಬಲ ಮೊಣಕೈಯನ್ನು ಕೋಳಿ ರೆಕ್ಕೆಯಂತೆ ಪಟ್ಟನೆ ಹೊರಕ್ಕೆ ತೆಗೆಯುತ್ತಾನೆ. ಇನ್ನೇನು ಕೊಕ್ಕೋ ಅನ್ನಬೇಕು! ನಾನು ಒಳಗೆ ಬಿದ್ದು ಬಿದ್ದು ನಕ್ಕು ಏಳರ ಅಂಕಿಯನ್ನು ತಲೆಕೆಳಗಾಗಿ ಹಾಕಿಬಿಟ್ಟೆ.

ಆಜ್ಞಾಧಾರಕ,
ಡೆಲ್ಬರ್ಟ್

---

ಸೋಲ್ಬರ್ಗ್
ಜೂನ್ 19

ಪ್ರೀತಿಯ ಡೆಲ್,

ಪತ್ರ ತಲುಪಿತು. ಆರ್ಡಿಸ್‌ಗೆ ಓದಿ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನು ಇಷ್ಟು ಚೆನ್ನಾಗಿ ಬರೆಯುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ನಿನ್ನನ್ನು ಪೆದ್ದ ಅಂದವರು ಇದನ್ನು ಓದಬೇಕು.

ಅಮ್ಮನ ಮಂಡಿನೋವು ಹೇಗಿದೆ? ಕೆಲಸ ಹೆಚ್ಚು, ಅದಕ್ಕೇ ಬರೆಯಲಾಗಿಲ್ಲ.

ಆ ಕೋಳಿ ರೆಕ್ಕೆಯ ಭಾಗ ಬಹಳ ಹಿಡಿಸಿತು. ಅದು ವೇಗದ ಎಸೆತಕ್ಕೋ, ಬಾಗುವ ಎಸೆತಕ್ಕೋ? ಸುಮ್ಮನೆ ಕೇಳಿದೆ. ಇಂಥವನ್ನೆಲ್ಲ ವಿವರವಾಗಿ ಬರೆಯುತ್ತಿರು, ಇಲ್ಲಿ ನಮಗೆ ಬೇರೆ ಮನರಂಜನೆಯೇ ಇಲ್ಲ.

ವೆಂಡೆಲ್

---

ಕೆಟಲ್ ಬೆಂಡ್
ಜೂನ್ 24

ಮಹಾನುಭಾವರೇ,

ತಾವು ನನ್ನನ್ನು ಹೊಗಳಿದ್ದೀರಿ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಪತ್ರವನ್ನು ಅಮ್ಮನಿಗೆ ಎರಡು ಸಲ, ಬೆಕ್ಕಿಗೆ ಒಂದು ಸಲ ಓದಿ ಹೇಳಿದೆ.

ಅಭಿಮಾನಿಗಳ ಕೋರಿಕೆಯ ಮೇರೆಗೆ ಟೀಗ್ ಶಾಸ್ತ್ರದ ಪ್ರಥಮ ಅಧ್ಯಾಯವನ್ನು ಇಲ್ಲಿ ರಚಿಸಿದ್ದೇನೆ. ನಾಲ್ಕು ಆಟ ದುರ್ಬೀನು ಹಿಡಿದು, ಸೀಮೆಸುಣ್ಣದಲ್ಲಿ ಹಲಗೆಯ ಒಳಗೋಡೆಗೆ ಗೆರೆ ಎಳೆದು ಲೆಕ್ಕ ಮಾಡಿದೆ. ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಬರುವುದು ವೇಗದ ಎಸೆತ. ರೆಕ್ಕೆ ಬಿಚ್ಚಿಕೊಂಡಿತೋ, ಬಾಗುವ ಎಸೆತ. ಅದರ ಹಿಡಿತಕ್ಕೆ ಬೆರಳು ತಿರುಚಬೇಕಲ್ಲ, ಆಗ ಮೊಣಕೈ ತಾನಾಗಿಯೇ ಈಚೆಗೆ ಬರುತ್ತದೆ. ಮೂವತ್ತೊಂದು ಎಸೆತದಲ್ಲಿ ಮೂವತ್ತೊಂದು ಸರಿ! ನಮ್ಮವರು ಪಕ್ಕದಲ್ಲಿ ಕೂರುವುದರಿಂದ ಅವರಿಗೆ ಕಾಣುವುದಿಲ್ಲ. ಅವನಿಗಂತೂ ತನ್ನ ಮೊಣಕೈ ತನಗೆ ಕಾಣಲು ಕುತ್ತಿಗೆ ಜಿರಾಫೆಯದಾಗಬೇಕು.

ಜುಲೈ ಮೊದಲ ವಾರ ತಮ್ಮ ತಂಡ ಇಲ್ಲಿಗೆ ದಯಮಾಡಿಸುತ್ತಿದೆಯಷ್ಟೆ. ಅಮ್ಮ ಈಗಿನಿಂದಲೇ ಬಾತುಕೋಳಿ ನೋಡಿಟ್ಟಿದ್ದಾಳೆ. ತಾವು ಊಟಕ್ಕೆ ಬರತಕ್ಕದ್ದು. ಮುದುಕ ಟೀಗನ ಪಕ್ಕದ ಕುರ್ಚಿ ತಮ್ಮದು.

ವಿಧೇಯ,
ಡೆಲ್ಬರ್ಟ್

---

ಕೆಟಲ್ ಬೆಂಡ್
ಜುಲೈ 6

ಅಣ್ಣಾ,

ನೀನು ಮೂರು ದಿನ ಇದೇ ಊರಿನಲ್ಲಿದ್ದೆ. ಒಂದು ತುತ್ತಿಗೂ ಬರಲಿಲ್ಲ. ಬಾತುಕೋಳಿ ತಣ್ಣಗಾಯಿತು, ಅಮ್ಮ ಕಿಟಕಿಯ ಹತ್ತಿರವೇ ಕೂತಿದ್ದಳು. "ಬಸ್ಸು ತಡವಾಗಿರ್ಬೇಕು ಬಿಡೋ," ಅಂದಳು. ಬಸ್ಸು ಮೈದಾನದ ಹಿಂದೆ ನಿಂತಿದ್ದು ನನಗೆ ಬೋರ್ಡಿನಿಂದ ಕಾಣುತ್ತಿತ್ತು.

ಅದಿರಲಿ, ನನಗೆ ಉರಿಯುತ್ತಿರುವುದು ಆ ಟೀಗನ ಮೇಲೆ. ಎರಡು ದಿನ, ಎರಡು ಬೀಗ, ಎರಡೂ ಪುಡಿ! ನಿಮ್ಮ ರೋಸ್ಕೊ ಹೇಲ್, ಇನ್ನೂ ಮೀಸೆ ಸರಿಯಾಗಿ ಬಾರದ ಇಪ್ಪತ್ತರ ಹುಡುಗ, ಬಾಗುವ ಎಸೆತಕ್ಕೆ ಅಜ್ಜಿಮನೆಯ ಬಾಗಿಲಲ್ಲಿ ನಿಂತು ಕಾಯುವವನಂತೆ ಕಾದು, ಚೆಂಡನ್ನು ನನ್ನ ಬೋರ್ಡಿಗೇ ಬಡಿದ. ಎಂಟರ ಅಂಕಿ ಕಳಚಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ನಾಲ್ಕು ರನ್ನಿನ ಅಂಕಿಯನ್ನು ನನ್ನ ಕೈಯಾರೆ ನೇತುಹಾಕಬೇಕಾಯಿತು.

ಜನ ಅವನ ಮೇಲೆ ಬಿಯರ್ ಎರಚಿದರು. ಕಟುಕ ಜಿರಾಕ್, ಹೋದ ವಾರ ಅವನಿಗೆ ಪುಕ್ಕಟೆ ಸಾಸೇಜ್ ಕೊಟ್ಟವನು, ಬೇಲಿ ಹತ್ತಿ ನಿಂತು, "ಲೇ ಮುದುಕಾ, ಬೀಗ ಹಾಕೋಕೆ ಬಂದ್ಯೋ, ಬಾಗಿಲೇ ಕಿತ್ಕೊಂಡು ಹೋಗೋಕೆ ಬಂದ್ಯೋ?" ಅಂತ ಕೂಗಿದ. ನಾನೂ ಕೂಗಿದೆ. ಮನೆಗೆ ಬಂದು ಅವನ ಕೋಣೆಯ ಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿದ ಹೂಚಕ್ರ ನೇತುಹಾಕಿ, "ಇಲ್ಲಿ ಒಂದು ಭುಜ ಚಿರನಿದ್ರೆಯಲ್ಲಿದೆ, ಸದ್ದು ಮಾಡಬೇಡಿ" ಎಂದು ಬರೆದೆ. ಅಮ್ಮ ಕೆನ್ನೆಗೆ ಬಾರಿಸಿದಳು. ಟೀಗ್ ಹೂಚಕ್ರವನ್ನು ತೆಗೆದು, ಹೂವನ್ನು ನೀರಿನ ಲೋಟದಲ್ಲಿಟ್ಟ. "ಸುಮ್ನೆ ಬಾಡಿಹೋಗುತ್ತಲ್ಲ," ಅಂದ. ಬೈದಿದ್ದರೆ ವಾಸಿಯಿತ್ತು.

ನೀನು ಯಾಕೆ ಬರಲಿಲ್ಲ?

ಡೆಲ್

---

ಸೋಲ್ಬರ್ಗ್
ಜುಲೈ 13

ಡೆಲ್,

ಕೋಚ್ ಕೆಲಸ ಎಂದರೆ ಬೋರ್ಡಿಗೆ ಅಂಕಿ ಹಾಕಿದಂತಲ್ಲ. ಬೆಳಗ್ಗೆ ಸಭೆ, ಮಧ್ಯಾಹ್ನ ಅಭ್ಯಾಸ. ಅಮ್ಮನಿಗೆ ಹೇಳು, ಆಟದ ಋತು ಮುಗಿದ ಮೇಲೆ ಬರುತ್ತೇನೆ.

ಟೀಗನ ಬಗ್ಗೆ ಅಷ್ಟೇಕೆ ಕುದಿಯುತ್ತೀಯ? ಮೂವತ್ತಾರಕ್ಕೆ ಭುಜ ಮುಗಿಯುವುದು ಸಹಜ. ಈಗ ಲೀಗಿನಲ್ಲಿ ಪ್ರತಿಯೊಬ್ಬನೂ ಅವನ ಬಾಗುವ ಎಸೆತಕ್ಕೆ ಕಾದೇ ನಿಂತಿರುತ್ತಾನೆ. ಅದು ಯಾವಾಗ ಬರುತ್ತದೆಂದು ಎಲ್ಲರಿಗೂ ಗೊತ್ತು. ಅಂಥವನನ್ನು ಇಟ್ಟುಕೊಂಡ ನಿಮ್ಮ ಮ್ಯಾನೇಜರ್ ಬಾಮ್‌ಗಾರ್ಟನದೇ ತಪ್ಪು.

ಇನ್ನು ಮುಂದೆ ಪತ್ರದಲ್ಲಿ ಆಟದ ವಿಷಯ ಬೇಡ. ಮನೆಯ ವಿಷಯ ಬರೆ.

ವೆಂಡೆಲ್

---

ಕೆಟಲ್ ಬೆಂಡ್
ಜುಲೈ 30

ವೆಂಡೆಲ್,

ಹದಿನೇಳು ದಿನ ಬರೆಯಲಿಲ್ಲ, ಯಾಕೆಂದರೆ ನಿನ್ನ ಒಂದು ಸಾಲನ್ನು ಓದುತ್ತಿದ್ದೆ. "ಅದು ಯಾವಾಗ ಬರುತ್ತದೆಂದು ಎಲ್ಲರಿಗೂ ಗೊತ್ತು." ಎಲ್ಲರಿಗೂ ಹೇಗೆ ಗೊತ್ತಾಯಿತು? ಜೂನ್ ಇಪ್ಪತ್ನಾಲ್ಕರವರೆಗೆ ಅದು ಭೂಮಿಯ ಮೇಲೆ ಒಬ್ಬನಿಗೇ ಗೊತ್ತಿತ್ತು. ಅವನು ಸ್ಕೋರ್‌ಬೋರ್ಡಿನ ಹೊಟ್ಟೆಯಲ್ಲಿ ಕೂತು ಅಣ್ಣನನ್ನು ನಗಿಸಲು ಪತ್ರ ಬರೆಯುತ್ತಿದ್ದ.

ಈಗ ನೆನಪಾಗುತ್ತಿದೆ. ಆ ಎರಡು ದಿನ ನೀನು ಮೂರನೇ ಬೇಸಿನ ಪಕ್ಕ ನಿಂತು ಬಾಯಿಯ ಸುತ್ತ ಅಂಗೈ ಹಿಡಿದು ಅರಚುತ್ತಿದ್ದೆ. ಒಮ್ಮೆ, "ನೋಡ್ಕೊಂಡು ಆಡೋ, ರೋಸ್ಕೊ!" ಇನ್ನೊಮ್ಮೆ, "ನೋಡ್ಕೊಂಡು ಆಡೋ, ಹೇಲ್!" ಅಣ್ಣನಿಗೆ ಹುಡುಗರ ಮೇಲೆ ಎಷ್ಟು ಅಕ್ಕರೆ, ಒಬ್ಬನಿಗೇ ಎರಡು ಹೆಸರು ಅಂದುಕೊಂಡು ನಾನು ಒಳಗೆ ನಕ್ಕಿದ್ದೆ. ಹೆಸರು ಕರೆದರೆ ವೇಗ, ಮನೆತನದ ಹೆಸರು ಕರೆದರೆ ಬಾಗು. ಅಲ್ಲವೇ? ಆಮೇಲೆ ನಿಮ್ಮ ತಂಡದ ಇಬ್ಬರು ಬೇರೆ ತಂಡಗಳಿಗೆ ಹೋದರು, ವಿದ್ಯೆಯೂ ಜೊತೆಗೆ ಹೋಯಿತು.

ನಿನ್ನ ವಿದ್ಯೆಯ ಫಲ ಕೇಳು. ಟೀಗ್ ಈ ತಿಂಗಳು ಇನ್ನೂ ನಾಲ್ಕು ಆಟ ಸೋತ. ಬೆಳಗ್ಗೆ ಹಿತ್ತಲಿನಲ್ಲಿ ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂರುತ್ತಾನೆ. ಭುಜ ನೋಯುತ್ತಿಲ್ಲ, ನೋಯುತ್ತಿರಬೇಕು ಅಂದುಕೊಂಡಿದ್ದಾನೆ. ಬಾಮ್‌ಗಾರ್ಟ್ ಅವನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಗಾರ್ಲೆಂಡ್, ನಿನ್ಮೇಲೆ ನನಗೆ ಗೌರವ ಇದೆ. ಆದ್ರೆ ಇನ್ನೊಂದು ಆಟ ಕೆಟ್ರೆ ಊರಿಗೆ ಬಸ್ ಹತ್ತಿಸ್ಬೇಕಾಗುತ್ತೆ." ಟೀಗ್ ಟೋಪಿ ತೆಗೆದು, "ಆಗ್ಲಿ ಸ್ವಾಮಿ," ಅಂದ. ಸ್ವಾಮಿ ಅನ್ನುತ್ತಾನೆ, ತನಗಿಂತ ಎರಡೇ ವರ್ಷ ದೊಡ್ಡವನಿಗೆ!

ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಬರೆ.

ಡೆಲ್ಬರ್ಟ್

---

ಸೋಲ್ಬರ್ಗ್
ಆಗಸ್ಟ್ 4

ಡೆಲ್ಬರ್ಟ್,

ಹೌದು.

ಒಂದೇ ಮಾತು ಸಾಲದು, ಇನ್ನೂ ಕೇಳು. ಕಣ್ಣಿನಿಂದ ಕದ್ದದ್ದು ಈ ಆಟದಲ್ಲಿ ಕಳ್ಳತನವಲ್ಲ. ಎದುರಾಳಿಯ ಮೊಣಕೈ, ನಾಲಿಗೆ, ಹುಬ್ಬು ನೋಡುವುದೇ ನನ್ನ ಕೆಲಸ. ನೀನು ನೋಡಿದೆ, ಹೇಳಿದೆ, ನಾನು ಕೆಲಸ ಮಾಡಿದೆ.

ನನ್ನನ್ನು ಇದೇ ಟ್ಯಾನರ್ಸ್ ತಂಡದಿಂದ ತೆಗೆದುಹಾಕಿದ ದಿನ ನೆನಪಿದೆಯಾ? ಒಂಬತ್ತು ವರ್ಷ ಅವರಿಗೆ ಕ್ಯಾಚರ್ ಆಗಿ ಬಗ್ಗಿ ಕೂತು ಮಂಡಿ ಸವೆಸಿದೆ. ಮುಖ ನೋಡಿ ಹೇಳಲಿಲ್ಲ. ಕಪಾಟಿಗೆ ಚೀಟಿ ಅಂಟಿಸಿದರು. ಊಟಕ್ಕೆ ಯಾಕೆ ಬರಲಿಲ್ಲ ಅಂತೀಯ. ಆ ಬೀದಿಯಲ್ಲಿ ನಡೆಯಬೇಕಲ್ಲ, ಅದಕ್ಕೆ. ಜಿರಾಕನ ಅಂಗಡಿ ದಾಟಿ, ನನ್ನದೇ ಕೋಣೆಯಲ್ಲಿ ಆ ತಂಡದವನೊಬ್ಬ ಮಲಗಿರುವುದನ್ನು ನೋಡಬೇಕಲ್ಲ, ಅದಕ್ಕೆ. ಈ ಸಲ ನಾವು ಗೆದ್ದರೆ ನನಗೆ ಮೇಲಿನ ಲೀಗಿನಲ್ಲಿ ಜಾಗ ಇದೆ ಅಂದಿದ್ದಾರೆ. ಮಗು ಅಕ್ಟೋಬರಿಗೆ.

ಅಷ್ಟು ಕರುಣೆ ಉಕ್ಕುತ್ತಿದ್ದರೆ ಹೋಗಿ ಅವನಿಗೆ ಹೇಳು. "ಸ್ವಾಮಿ, ನಿಮ್ಮನ್ನು ಮಾರಿದವನು ನಾನೇ, ಬರೀ ಒಂದು ನಗುವಿಗೆ ಮಾರಿದೆ" ಅನ್ನು. ಹೇಳುವ ಎದೆ ನಿನಗಿಲ್ಲ. ಹೂಚಕ್ರ ಕಟ್ಟುವಷ್ಟೇ ನಿನ್ನ ಧೈರ್ಯ.

ವೆಂಡೆಲ್

---

ಕೆಟಲ್ ಬೆಂಡ್
ಆಗಸ್ಟ್ 12

ಪರಮಪೂಜ್ಯ ಅಣ್ಣನವರ ಚರಣಗಳಿಗೆ,

ಇತ್ತ ಎಲ್ಲರೂ ಕ್ಷೇಮ. ತಮ್ಮ ಖಾರವಾದ ಪತ್ರ ತಲುಪಿ, ಹುಂಬನಿಗೆ ಬುದ್ಧಿ ಬಂತು. ರಕ್ತ ನೀರಿಗಿಂತ ಗಟ್ಟಿ. ಒಕ್ಲಹೋಮದ ಮುದುಕನೊಬ್ಬನಿಗಾಗಿ ಒಡಹುಟ್ಟಿದವರು ಕಚ್ಚಾಡುವುದೇ? ನಾನು ಯಾರಿಗೂ ಏನೂ ಹೇಳಿಲ್ಲ. ತಾವು ಹೇಳಿದಂತೆ ನನಗೆ ಎದೆಯಿಲ್ಲ.

ಬಾಮ್‌ಗಾರ್ಟ್ ಅವನನ್ನು ಹತ್ತು ದಿನ ಸುಮ್ಮನೆ ಕೂರಿಸಿದ್ದಾನೆ. ಮುಂದಿನ ವಾರ ತಮ್ಮ ತಂಡ ಬಂದಾಗ ಕೊನೆಯ ಅವಕಾಶವಂತೆ. ಅಭ್ಯಾಸ ನೋಡಿದೆ. ಕೋಳಿ ರೆಕ್ಕೆ ಯಥಾಸ್ಥಿತಿ. ಬಾಗುವ ಎಸೆತಕ್ಕೆ ಪಟ್ಟನೆ ಬಿಚ್ಚಿಕೊಳ್ಳುತ್ತದೆ, ಮೊದಲಿಗಿಂತ ದೊಡ್ಡದಾಗಿ. ತಮ್ಮ ಹುಡುಗರು ನಿರ್ಭಯವಾಗಿ ಕಾಯಬಹುದು.

ಮಗುವಿಗೆ ಈಗಲೇ ಒಂದು ಟೋಪಿ ಹೆಣೆಯಲು ಅಮ್ಮ ಶುರುಮಾಡಿದ್ದಾಳೆ.

ತಮ್ಮ ಪಾದಸೇವಕ,
ಡೆಲ್ಬರ್ಟ್

---

ಸೋಲ್ಬರ್ಗ್
ಆಗಸ್ಟ್ 23

ಸುಳ್ಳ,

ನಿನ್ನ ಪಾದಸೇವೆ ಮುಟ್ಟಿತು.

ಒಂಬತ್ತನೇ ಇನ್ನಿಂಗ್ಸಿನಲ್ಲಿ ಎರಡು ಔಟ್ ಆಗಿತ್ತು. ನೀವು ಒಂದು ರನ್ ಮುಂದಿದ್ದಿರಿ. ರೋಸ್ಕೊ ಬ್ಯಾಟ್ ಹಿಡಿದು ನಿಂತ. ಟೀಗನ ರೆಕ್ಕೆ ಬಿಚ್ಚಿಕೊಂಡಿತು. ನಾನು "ಹೇಲ್!" ಎಂದು ಕೂಗಿದೆ. ಬಾಗಿ ದೂರ ಹೋಗುತ್ತದೆಂದು ನಂಬಿ ಆ ಹುಡುಗ ಅದರ ಮೇಲೆಯೇ ವಾಲಿದ. ಬಂದದ್ದು ಬೆಂಕಿಯಂಥ ನೇರ ಎಸೆತ, ಒಳಮಗ್ಗುಲಿಗೆ. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಮೂರನೇ ಬೇಸಿಗೆ ಕೇಳಿಸಿತು. ಈ ವರ್ಷ ಅವನು ಇನ್ನು ಬ್ಯಾಟ್ ಹಿಡಿಯುವುದಿಲ್ಲ. ಮುಂದಿನ ವರ್ಷದ ಮಾತನ್ನು ವೈದ್ಯರು ಆಡುತ್ತಿಲ್ಲ. ನೆಲದ ಮೇಲೆ ಬಿದ್ದವನು ನನ್ನ ಕಡೆ ನೋಡಿ, "ಕೋಚ್, ನೀವು ಬಾಗುತ್ತೆ ಅಂದ್ರಲ್ಲಾ," ಅಂದ.

ನಾನು ಕದ್ದೆ, ಒಪ್ಪಿದೆ. ನನ್ನ ಕಳ್ಳತನದಿಂದ ಯಾರ ಮೂಳೆಯೂ ಮುರಿದಿರಲಿಲ್ಲ. ನೀನೂ ಆ ಮುದುಕನೂ ಸೇರಿ ಕೂತು ಸಂಚು ಹೂಡಿದಿರಿ. ನಗು ಬಂತಾ? ಅಂಕಿ ತಲೆಕೆಳಗಾಗಿ ಹಾಕಿದೆಯಾ?

ಮೇಲಿನ ಲೀಗಿನವರು ಇನ್ನೊಬ್ಬನನ್ನು ತೆಗೆದುಕೊಂಡರು.

ವೆಂಡೆಲ್

---

ಕೆಟಲ್ ಬೆಂಡ್
ಆಗಸ್ಟ್ 29

ವೆಂಡೆಲ್,

ನಗು ಬರಲಿಲ್ಲ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಇದನ್ನಾದರೂ ನಂಬು.

ಆಗಸ್ಟ್ ನಾಲ್ಕರ ನಿನ್ನ ಪತ್ರ ಬಂದ ಮಧ್ಯಾಹ್ನವೇ ಟೀಗನ ಹತ್ತಿರ ಹೋದೆ. ಪೆಟ್ಟಿಗೆಗೆ ಅಂಗಿ ಮಡಿಸಿಡುತ್ತಿದ್ದ. ಎಲ್ಲ ಹೇಳಿದೆ. ನೀನು ಬರೆದ ಮಾತಿನಲ್ಲೇ ಹೇಳಿದೆ, "ಒಂದು ನಗುವಿಗೆ" ಅಂತ. ಅವನು ಎದ್ದು ಕನ್ನಡಿಯ ಮುಂದೆ ನಿಂತು, ಕೈಗವಸಿನೊಳಗೆ ಬೆರಳು ತಿರುಚಿ ನೋಡಿದ. ಮೊಣಕೈ ಈಚೆ ಬಂತು. ಮತ್ತೆ ಮಾಡಿದ. ಮತ್ತೆ ಬಂತು.

"ಹಾಗಾದ್ರೆ ಭುಜ ಸತ್ತಿಲ್ಲ," ಅಂದ.

"ಇಲ್ಲ."

"ಹೋದ ವಾರ ನಮ್ಮನೆಯವಳಿಗೆ ಫೋನ್ ಮಾಡಿ ಹೇಳ್ಬಿಟ್ಟೆನಲ್ಲೋ, ನನ್ನ ಕಥೆ ಮುಗೀತು ಅಂತ. ಸಮಾಧಾನ ಮಾಡಿದ್ಲು. ಅವಳ ಕೈಲಿ ಸಮಾಧಾನ ಮಾಡಿಸ್ಕೊಂಡೆ." ಆಮೇಲೆ ಗೋಡೆಗೆ ಕೈಗವಸು ಎಸೆದ. ಅವನಿಗೆ ಸಿಟ್ಟು ಬಂದದ್ದು ಮೊದಲ ಸಲ ನೋಡಿದೆ. "ಉಪ್ಪು ಹಾಕು, ಹೂಚಕ್ರ ಕಟ್ಟು, ನನಗೇನೂ ಅನ್ಸಲ್ಲ ಹುಡುಗಾ. ಒಂದು ತಿಂಗಳು ದಿನಾ ಎದುರಿಗೆ ಕೂತು ಊಟ ಮಾಡಿದ್ಯಲ್ಲೋ! ತಲೆ ಎತ್ತಿ ಒಂದ್ಮಾತು ಹೇಳೋಕಾಗ್ಲಿಲ್ವಾ?"

ಜುಲೈ ಮೂವತ್ತಕ್ಕೇ ನನಗೆ ಖಚಿತವಿತ್ತು. ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ ಅಂದುಕೊಂಡೆ. ಕಾಯುತ್ತಿರಲಿಲ್ಲ, ಹೆದರಿದ್ದೆ. ಅಷ್ಟರೊಳಗೆ ಅವನು ಇನ್ನೊಂದು ಆಟ ಸೋತಿದ್ದರೆ ಬಸ್ ಹತ್ತಿಹೋಗುತ್ತಿದ್ದ.

ಸುಳ್ಳು ಪತ್ರದ ಉಪಾಯ ನನ್ನದು. ಅವನು ಬೇಡ ಅಂದ: "ಮೊಣಕೈ ಕಟ್ಟಿಟ್ಕೊಳ್ತೀನಿ, ಅಷ್ಟು ಸಾಕು." ನಾನು ಅಂಚೆಗೆ ಹಾಕಿಬಂದ ಮೇಲೆ ಹೇಳಿದೆ. ನಿನ್ನ ಮೇಲಿನ ಸಿಟ್ಟಿಗೆ ಬರೆದೆ, ಅದೇ ನಿಜ. ಅವನು ಆರು ಸೋಲು ನೆನೆಸಿಕೊಂಡನೋ ಏನೋ, "ಸರಿ, ಎಲ್ಲ ಎಸೆತಕ್ಕೂ ಮೊಣಕೈ ಬಿಚ್ತೀನಿ," ಅಂದ. ಹೀಗೆ ಆ ಹುಡುಗನ ಮಣಿಕಟ್ಟಿನಲ್ಲಿ ಮೂವರ ಕೈಯಿದೆ. ಮೊದಲನೆಯದು ನನ್ನದು.

ಆಮೇಲಿನದನ್ನು ನೀನು ಬರೆದಿಲ್ಲ. ರೋಸ್ಕೊನನ್ನು ಹೊತ್ತುಕೊಂಡು ಹೋದ ಮೇಲೆ ನಿಮ್ಮ ಲಿಂಡಾಲ್ ಬಂದ, ಲೀಗಿನಲ್ಲೇ ದೊಡ್ಡ ಹೊಡೆತಗಾರ. ಟೀಗ್ ಚೆಂಡು ಹಿಡಿದು ಒಂದು ನಿಮಿಷ ನೆಲ ನೋಡುತ್ತ ನಿಂತ. ಬಾಮ್‌ಗಾರ್ಟ್ ಓಡಿಬಂದು ಏನೋ ಹೇಳಿದ, ಟೀಗ್ ತಲೆ ಅಲ್ಲಾಡಿಸಿದ. ಆಮೇಲೆ ದುರ್ಬೀನಿನಲ್ಲಿ ನಾನು ಕಂಡದ್ದನ್ನು ನೀನೂ ಕಂಡಿದ್ದೀಯ. ಮೊಣಕೈ ಪಕ್ಕೆಗೆ ಅಂಟಿತ್ತು. ವೇಗದ ಎಸೆತ ಬಂತು. ಮತ್ತೆ ಅಂಟಿತ್ತು, ಮತ್ತೆ ವೇಗದ್ದೇ. ಮೂರನೆಯದಕ್ಕೆ ಮೊಣಕೈಯನ್ನು ಇಷ್ಟಗಲ ತೆರೆದ. ಸಾವಿರ ಜನರ ಮುಂದೆ, ನಿನ್ನ ಕಣ್ಣೆದುರಿಗೆ, ಬಾಗುವುದೇ ಬರುತ್ತದೆಂದು ಸಾರಿ ಹೇಳಿದ ಹಾಗೆ. ನೀನು ಬಾಯಿಯ ಸುತ್ತ ಅಂಗೈ ಹಿಡಿದು ನಿಂತಿದ್ದೆ, ಯಾವ ಹೆಸರನ್ನೂ ಕೂಗಲಿಲ್ಲ. ಕೂಗುವ ಅಗತ್ಯವಿರಲಿಲ್ಲ, ಲಿಂಡಾಲ್‌ಗೆ ಕಾಣುತ್ತಿತ್ತು. ಬಾಗುವುದೇ ಬಂತು. ಲಿಂಡಾಲ್ ಅದಕ್ಕೇ ಕಾದು, ಅದಕ್ಕೇ ಬೀಸಿದ, ಗಾಳಿಗೆ ಬೀಸಿದ. ಮೂರನೇ ಔಟ್, ಆಟ ನಮ್ಮದಾಯಿತು.

ಊರು ಕುಣಿಯಿತು. ಜಿರಾಕ್ ಸಾಸೇಜ್ ಹಿಡಿದು ಬಂದ. ಟೀಗ್ ಬಟ್ಟೆ ಬದಲಾಯಿಸದೆ ನೇರವಾಗಿ ಆಸ್ಪತ್ರೆಗೆ ಹೋದ. ರೋಸ್ಕೊ ಅವನನ್ನು ಒಳಗೆ ಬಿಡಬೇಡಿ ಅಂದನಂತೆ. ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದು ಬಂದ.

ಬಾಮ್‌ಗಾರ್ಟ್ ಅವನನ್ನು ಮುಂದಿನ ವರ್ಷಕ್ಕೂ ಉಳಿಸಿಕೊಂಡಿದ್ದಾನೆ. ನಿನ್ನೆ ಅವನು ಪೆಟ್ಟಿಗೆ ಎತ್ತಿಕೊಂಡು ತಂಡದ ಇನ್ನೊಬ್ಬನ ಮನೆಗೆ ಹೋದ. "ನನ್ನಿಂದೇನಾದ್ರೂ ತಪ್ಪಾಯ್ತಾ?" ಅಂತ ಅಮ್ಮ ಕೇಳಿದಳು. "ನಿಮ್ಮಿಂದ ಏನೂ ಇಲ್ಲ ತಾಯಿ," ಅಂದ. ನನ್ನ ಕಡೆ ನೋಡಲಿಲ್ಲ.

ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಈ ಪತ್ರ ಮುಗಿಸಿ ಹೇಳುತ್ತೇನೆ. ನಿನ್ನ ಪಾಲನ್ನು ಹೇಳುವುದಿಲ್ಲ. ಅದನ್ನು ನೀನೇ ಬಂದು ಹೇಳಬೇಕು, ಆ ಬೀದಿಯಲ್ಲೇ ನಡೆದು ಬಂದು.

ಇನ್ನು ಮುಂದೆ ನನ್ನ ಪತ್ರದಲ್ಲಿ ಆಟದ ಸುದ್ದಿ ಇರುವುದಿಲ್ಲ. ಅದನ್ನು ಬಿಟ್ಟು ನಿನಗೆ ಬರೆಯಲು ನನ್ನ ಹತ್ತಿರ ಏನಿದೆ ಎಂದು ಯೋಚಿಸುತ್ತ ಅರ್ಧ ಗಂಟೆಯಿಂದ ಕೂತಿದ್ದೇನೆ.

ಡೆಲ್